ರೂಪವನ್ನು ಕುರಿತ ಹತ್ತು ವಾಕ್ಯಗಳು
(ಒಂದು ಮನೋವೈಜ್ಞಾನಿಕ ಪ್ರಶ್ನಾವಳಿಯ ಕನ್ನಡ ಅನುವಾದವನ್ನು ಕುರಿತು)

ಈ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿದಾಗ, ವಾಡಿಕೆಯಂತೆ ಛಂದಸ್ಸನ್ನೋ ವ್ಯಾಕರಣವನ್ನೋ ಕುರಿತು ನಾಲ್ಕು ಮಾತು ಬರೆದು ಒಪ್ಪಿಸಬೇಕೆಂದೇ ನಾನು ಬಗೆದಿದ್ದೆನು. ಆದರೆ ಕಳೆದ ಬೇಸಗೆಯಲ್ಲಿ ನನ್ನ ಪಾಲಿಗೆ ಬಂದ ಒಂದು ಸಣ್ಣ ಕೆಲಸವು ನಾನು ಮೂವತ್ತು ವರ್ಷಗಳಿಂದ ಪಾಠ ಹೇಳುತ್ತಿರುವ ಶಬ್ದಾರ್ಥವಿಚಾರವನ್ನೇ ಮತ್ತೊಮ್ಮೆ ಮೊದಲಿನಿಂದ ಓದಿಸಿತಾದ್ದರಿಂದ, ಅದನ್ನೇ ಇಲ್ಲಿ ನಿವೇದಿಸುವುದು ಯುಕ್ತವೆಂದು ತೋರಿತು. ಉಪಾಧ್ಯಾಯ ಬಂಧುಗಳಿಗೆ ಇದರಿಂದ ಕಿಂಚಿತ್ ಪ್ರಯೋಜನವಾದೀತೆಂಬ ನಂಬಿಕೆಯೂ ಉಂಟು.

ನಮ್ಮಲ್ಲಿಯೇ ಓದಿ ಹೋಗಿ ಈಗ ಮನೋವಿಜ್ಞಾನವನ್ನು ಅಭ್ಯಾಸ ಮಾಡುತ್ತಿರುವ ಹಳೆಯ ಶಿಷ್ಯೆಯೊಬ್ಬಳು ಬೀದರಿನ ನನ್ನ ಮನೆಗೆ ಬಂದು ಇಂಗ್ಲಿಷಿನ ಒಂದು ಹಾಳೆಯನ್ನು ಮುಂದಿಟ್ಟಳು. ಮೂಲಕರ್ತೃಗಳ ಅನುಮತಿಯನ್ನು ಪಡೆದುಕೊಂಡೇ ಬಂದಿದ್ದಳು. “ಹತ್ತೇ ವಾಕ್ಯ ಅವರಿ ಗುರುಗಳೆ, ಒಂದು ತಾಸಿನ ಕೆಲಸ” ಎಂದಳು. ತನ್ನ ದೇಹವನ್ನು, ತಾನು ಕಾಣುವ ಬಗೆಯನ್ನು ಮನುಷ್ಯನು ಹೇಗೆ ಭಾವಿಸಿಕೊಂಡಿದ್ದಾನೆಂಬುದನ್ನು ಅಳೆಯುವ ವಾಕ್ಯಗಳವು. ನನಗೆ ಮೊದಲು ಬಂದುದು ಬೇಸರ. ದೇಹವು ನಶ್ವರವೆಂದು ಬಾಲ್ಯದಿಂದ ಕೇಳಿ ಬೆಳೆದವನಿಗೆ, ಕನ್ನಡಿಯ ಮುಂದಿನ ಚಿಂತೆಯನ್ನು ಅಂಕಗಳಿಂದ ಅಳೆಯುವುದು ಹೊತ್ತುಗಳೆವ ಉದ್ಯೋಗವೆಂದೇ ಕಂಡಿತು. ಹಾಗೆಂದು ಹೇಳಿಯೂ ಬಿಟ್ಟೆ. ಆಕೆ ವಾದಿಸಲಿಲ್ಲ. “ಮಾರಿ ಮ್ಯಾಲ ಬಿಳಿ ಕಲಿ ಬಂತಂತ ಓದು ಬಿಟ್ಟ ಹುಡುಗಿ ನಮ್ಮ ಕ್ಲಾಸಿನಾಗ ಇದ್ದಳಲ್ಲರಿ” ಎಂದಷ್ಟೇ ನೆನಪಿಸಿದಳು. ನೆನಪಾಯಿತು. ಆ ಮಗುವಿನ ಹೆಸರಿನ ಮುಂದೆ ಹಾಜರಿಪುಸ್ತಕದಲ್ಲಿ ಎರಡು ತಿಂಗಳ ಕಾಲ ಗೈರುಹಾಜರಿಯ ಗುರುತು ಹಾಕಿದವನು ನಾನೇ. ಕಾರಣವನ್ನು ನಾನೂ ಕೇಳಲಿಲ್ಲ, ಬೇರೆ ಯಾರೂ ಕೇಳಲಿಲ್ಲ. ಹಾಳೆಯನ್ನು ತೆಗೆದುಕೊಂಡೆ.

ಮುಂದೆ ಹೋಗುವ ಮುನ್ನ ಈ ಶಾಸ್ತ್ರದ ವಿಚಾರವಾಗಿ ಎರಡು ಮಾತು. ಮನುಷ್ಯನು ತನ್ನ ದೇಹವನ್ನು ಕುರಿತು ಮನಸ್ಸಿನಲ್ಲಿ ಕಟ್ಟಿಕೊಂಡ ಚಿತ್ರಕ್ಕೆ ವಿದ್ವಾಂಸರು ದೇಹಬಿಂಬವೆಂದು ಹೆಸರಿಟ್ಟಿದ್ದಾರೆ. ಪೌಲ್ ಶಿಲ್ಡರ್ ಎಂಬ ವೈದ್ಯನು 1935ರಲ್ಲಿ ಇದರ ಮೇಲೆ ಒಂದು ದೊಡ್ಡ ಗ್ರಂಥವನ್ನೇ ಬರೆದನು. ಒಂದು ವಾಕ್ಯವನ್ನು ಮುಂದಿಟ್ಟು, ಅದು ತನಗೆ ಎಷ್ಟರಮಟ್ಟಿಗೆ ಒಪ್ಪುತ್ತದೆಂಬುದನ್ನು ಮೆಟ್ಟಲು ಮೆಟ್ಟಲಾಗಿ ಗುರುತಿಸಿ ಅಂಕ ಕೂಡಿಸುವ ಪದ್ಧತಿಯನ್ನು ಅಮೆರಿಕದ ರೆನ್ಸಿಸ್ ಲಿಕರ್ಟ್ ಎಂಬಾತನು 1932ರಲ್ಲಿ ಪ್ರಚುರಪಡಿಸಿದನು. ಇವೆರಡೂ ಕೂಡಿದ ಮೇಲೆ ರೂಪವನ್ನು ಕುರಿತ ಪ್ರಶ್ನಾವಳಿಗಳು ಹುಟ್ಟುತ್ತ ಬಂದವು. 1987ರಲ್ಲಿ ಇಂಗ್ಲೆಂಡಿನಲ್ಲಿ ಸಿದ್ಧವಾದ ಮೈಕಟ್ಟಿನ ಪ್ರಶ್ನಾವಳಿಯಲ್ಲಿ 34 ಪ್ರಶ್ನೆಗಳಿವೆ. ಬಹುತೇಕ ಎಲ್ಲವೂ ದಪ್ಪಗಾದೇನೆಂಬ ಭಯವನ್ನು ಕುರಿತವು. ನನ್ನ ಮುಂದಿದ್ದುದು ಬೇರೆ ಜಾತಿಯದು. ಟ್ರೇಸಿ ಟಿಲ್ಕಾ ಮತ್ತು ನಿಕೋಲ್ ವುಡ್-ಬಾರ್ಕಲೋ ಎಂಬ ವಿದುಷಿಯರು 2015ರಲ್ಲಿ ಪ್ರಕಟಿಸಿದ ದೇಹಪ್ರಶಂಸಾ ಮಾಪನದ ಎರಡನೆಯ ರೂಪ ಅದು. 2005ರ ಮೊದಲ ರೂಪದಲ್ಲಿ 13 ವಾಕ್ಯಗಳಿದ್ದವು, ಇದರಲ್ಲಿ 10. ಭಯವನ್ನಲ್ಲ, ದೇಹದೊಡನೆ ಮನುಷ್ಯನಿಗಿರುವ ಸೌಹಾರ್ದವನ್ನು ಅದು ಅಳೆಯುತ್ತದೆ. 65 ರಾಷ್ಟ್ರಗಳಲ್ಲಿ, 40 ಭಾಷೆಗಳಲ್ಲಿ ಸುಮಾರು 57 ಸಾವಿರ ಜನರ ಮುಂದೆ ಇದನ್ನಿಟ್ಟು ನೋಡಿದ ಫಲಿತಾಂಶವು 2023ರಲ್ಲಿ ಪ್ರಕಟವಾಗಿದೆ.

ಇಂಥ ಕೆಲಸವು ಕನ್ನಡಕ್ಕೆ ಹೊಸದೇನೂ ಅಲ್ಲ. ಪ್ಯಾರಿಸಿನಲ್ಲಿ ಆಲ್ಫ್ರೆಡ್ ಬಿನೆ 1905ರಲ್ಲಿ ಆರಂಭಿಸಿದ ಬುದ್ಧಿಪರೀಕ್ಷೆಯು ಅಮೆರಿಕಕ್ಕೆ ಹೋಗಿ 1916ರಲ್ಲಿ ಪರಿಷ್ಕೃತವಾಯಿತು. ಅದನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದುವಂತೆ 1934ರಲ್ಲಿ ಅಳವಡಿಸಿದವರು ವಿ. ವಿ. ಕಾಮತರು; ಕಾರ್ಯಕ್ಷೇತ್ರ ಧಾರವಾಡ. ಭಾರತೀಯ ಮಕ್ಕಳ ಬುದ್ಧಿಮಾಪನವನ್ನು ಕುರಿತ ಅವರ ಗ್ರಂಥ 1940ರಲ್ಲಿ ಹೊರಬಂದಿತು. ಬಿನೆ–ಕಾಮತ ಪರೀಕ್ಷೆಯೆಂಬ ಹೆಸರನ್ನು ನಮ್ಮ ತರಬೇತಿ ಹೊಂದಿದ ಉಪಾಧ್ಯಾಯರಲ್ಲಿ ಅನೇಕರು ಕೇಳಿರುತ್ತಾರೆ. ಅದರ ಮೂಲದಲ್ಲಿ ಒಂದು ಕುತೂಹಲದ ಪ್ರಶ್ನೆಯಿತ್ತು. ಸ್ತ್ರೀಮುಖಗಳ ಜೋಡಿಚಿತ್ರಗಳನ್ನು ಮಗುವಿನ ಮುಂದೆ ಹಿಡಿದು, ಎರಡರಲ್ಲಿ ಯಾವುದು ಚೆಂದವೆಂದು ಕೇಳುವುದು. ಸರಿಯುತ್ತರ ಒಂದೇ! ಪ್ಯಾರಿಸಿನ ಚಿತ್ರಕಾರನ ಕಣ್ಣಿಗೆ ಚೆಂದವಾದ ಮೂಗು ನಮ್ಮ ನಾಡಿನ ಮಗುವಿಗೂ ಚೆಂದವಾಗಿಯೇ ತೋರಬೇಕೆಂಬ ನಿಯಮವನ್ನು ಯಾರು ಮಾಡಿದರೋ ತಿಳಿಯದು.

ಧಾರವಾಡದಲ್ಲಿ ಆ ಕೆಲಸ ನಡೆಯುತ್ತಿದ್ದಾಗ ನಮ್ಮ ಬೀದರ ಜಿಲ್ಲೆಯು ನಿಜಾಮರ ಆಳಿಕೆಯಲ್ಲಿದ್ದಿತು. ಅಲ್ಲಿಯೂ ಅನುವಾದ ನಡೆದಿತ್ತು, ಆದರೆ ಉರ್ದುವಿಗೆ. ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಪಠ್ಯಗಳನ್ನು ಒದಗಿಸಲು 1917ರಲ್ಲಿಯೇ ಹೈದರಾಬಾದಿನಲ್ಲಿ ಭಾಷಾಂತರ ಇಲಾಖೆಯು ಸ್ಥಾಪಿತವಾಗಿತ್ತು. ಕನ್ನಡ ಶಾಲೆಗೆ ಎಡೆಯಿಲ್ಲದ ಆ ಕಾಲದಲ್ಲಿ ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಿಸಿ ಒಳಗೆ ಕನ್ನಡವನ್ನು ಕಲಿಸಿದ ಸಂಗತಿಯು ಈ ಸಂಚಿಕೆಯ ಓದುಗರಿಗೆ ವಿದಿತವೇ ಇದೆ. ಆ ಇತಿಹಾಸದ ಫಲವಾಗಿ ಇಂದಿಗೂ ನಮ್ಮ ಜಿಲ್ಲೆಯ ಒಬ್ಬ ವಿದ್ಯಾರ್ಥಿಯ ಕಿವಿಯಲ್ಲಿ ಕನ್ನಡ, ಮರಾಠಿ, ದಖನಿ ಉರ್ದು ಮೂರೂ ಏಕಕಾಲದಲ್ಲಿ ಮೊಳಗುತ್ತವೆ. ತಾಂಡಾದ ಮಕ್ಕಳಾದರೆ ಲಂಬಾಣಿಯೂ ಸೇರುತ್ತದೆ. ಇದು ನಮ್ಮ ಕೆಲಸದಲ್ಲಿ ಎಷ್ಟು ದೊಡ್ಡ ಸಂಗತಿಯಾಯಿತೆಂಬುದನ್ನು ಮುಂದೆ ಹೇಳುತ್ತೇನೆ.

ಅನುವಾದದ ವಿಧಾನವು ಹೀಗೆ. ಇಬ್ಬರು ಪ್ರತ್ಯೇಕವಾಗಿ ಕನ್ನಡಕ್ಕೆ ತಿರುಗಿಸಬೇಕು. ಎರಡನ್ನೂ ಕೂಡಿಸಿ ಒಂದು ಪಾಠವನ್ನು ನಿರ್ಣಯಿಸಬೇಕು. ನಮ್ಮ ಗ್ರಂಥಸಂಪಾದನೆಯಲ್ಲಿ ಓಲೆಪ್ರತಿಗಳನ್ನು ಹೋಲಿಸಿದಂತೆ. ಬಳಿಕ ಮೂಲವನ್ನು ಕಣ್ಣಿನಿಂದಲೂ ನೋಡದ ಬೇರೊಬ್ಬರು ಆ ಕನ್ನಡವನ್ನು ಮರಳಿ ಇಂಗ್ಲಿಷಿಗೆ ತರಬೇಕು. ಹೀಗೆ ಮರಳಿದ ಪಾಠವನ್ನು ಮೂಲದೊಡನೆ ಸರಿಹೋಲಿಸಿದರೆ ಎಲ್ಲಿ ದಾರಿ ತಪ್ಪಿತೆಂಬುದು ತಿಳಿಯುತ್ತದೆ. ಈ ಮರು ಅನುವಾದದ ಕ್ರಮವನ್ನು 1970ರಲ್ಲಿ ರಿಚರ್ಡ್ ಬ್ರಿಸ್ಲಿನ್ ಎಂಬ ವಿದ್ವಾಂಸನು ವಿವರಿಸಿದನು. ಕಟ್ಟಕಡೆಗೆ, ಪ್ರಶ್ನಾವಳಿಯು ಯಾರಿಗಾಗಿಯೋ ಅಂಥ ಕೆಲವರಿಗೆ ಓದಿ ಹೇಳಿ, “ಇದರಿಂದ ನಿನಗೇನು ತಿಳಿಯಿತು, ನಿನ್ನ ಮಾತಿನಲ್ಲಿ ಹೇಳು” ಎಂದು ಕೇಳಬೇಕು. ನಾವು ಮಾಡಿದುದು ಇಷ್ಟೇ. ಬೀದರ, ಭಾಲ್ಕಿ, ಔರಾದಗಳ ಪರಿಚಿತ ಪದವಿ ವಿದ್ಯಾರ್ಥಿಗಳಲ್ಲಿ ಒಪ್ಪಿದವರನ್ನು ಕೂರಿಸಿಕೊಂಡು ಓದಿ ಕೇಳಿದೆವು. ಇದು ಅಳತೆಯಲ್ಲ, ಅಳತೆಗೋಲನ್ನು ಕೆತ್ತುವ ಕೆಲಸ ಮಾತ್ರ.

ಒಂದು ತಾಸಿನ ಕೆಲಸವೆಂದಿದ್ದಳಲ್ಲವೆ? ಮೊದಲ ವಾಕ್ಯಕ್ಕೇ ಒಂದು ವಾರ ಹಿಡಿಯಿತು. ತನ್ನ ದೇಹವನ್ನು ತಾನು ಗೌರವದಿಂದ ಕಾಣುತ್ತೇನೆಂಬುದು ಅದರ ತಾತ್ಪರ್ಯ. ‘ನಾನು ನನ್ನ ದೇಹವನ್ನು ಗೌರವಿಸುತ್ತೇನೆ’ ಎಂದು ಬರೆದು ಕೈತೊಳೆದುಕೊಂಡಿದ್ದೆ. ಔರಾದದ ಒಬ್ಬ ಹುಡುಗಿ ಅದನ್ನು ಎರಡು ಸಲ ಓದಿ, “ದೇಹಕ್ಕ ನಮಸ್ಕಾರ ಮಾಡೂದೇನ್ರಿ?” ಎಂದು ಕೇಳಿದಳು. ಆಕೆಯ ಪ್ರಶ್ನೆ ಶಾಸ್ತ್ರಸಮ್ಮತವಾದುದೇ. ನಮ್ಮಲ್ಲಿ ಗೌರವವು ಕಿರಿಯರಿಂದ ಹಿರಿಯರಿಗೆ ಸಲ್ಲುವಂಥದು. ತನ್ನ ದೇಹಕ್ಕೆ ತಾನೇ ಸಲ್ಲಿಸುವುದೆಂದರೆ ಒಂದೋ ಹಾಸ್ಯ, ಇಲ್ಲವೇ ಅಹಂಕಾರ.

ಅದಕ್ಕಿಂತ ಮೊದಲಿನ ತೊಡಕು ‘ದೇಹ’ವೆಂಬ ಶಬ್ದದ್ದೇ. ಕನ್ನಡದಲ್ಲಿ ಶಬ್ದಗಳಿಗೆ ಬಡತನವಿಲ್ಲ: ದೇಹ, ಶರೀರ, ಕಾಯ, ತನು, ಒಡಲು, ಮೈ. ಬಡತನವಿಲ್ಲದಿರುವುದೇ ಇಲ್ಲಿ ಕಷ್ಟ. ‘ಅಂಗ’ವೆಂದರೆ ನಮ್ಮ ವಿದ್ಯಾರ್ಥಿಗೆ ಕೈಕಾಲು ಮೊದಲಾದ ಅವಯವ, ಷಟ್‌ಸ್ಥಲಶಾಸ್ತ್ರವನ್ನು ಬಲ್ಲವರಿಗೆ ಜೀವ, ಔರಾದದ ಮರಾಠಿ ಮನೆಯಲ್ಲಿ ಇಡೀ ಮೈ. ‘ಒಡಲು’ ಎಂದರೆ ಹೊಟ್ಟೆಯೆಂದೂ ಆಗುತ್ತದೆ. ‘ಮೈ’ಯೇ ಮೇಲೆಂದು ನಿರ್ಣಯಿಸಿ ‘ನನ್ನ ಮೈಯ ಬಗ್ಗೆ ನನಗೆ ಸಮಾಧಾನವಿದೆ’ ಎಂದು ಬರೆದೆವು. ಭಾಲ್ಕಿಯಲ್ಲಿ ಓದಿ ಅರ್ಥವೇನೆಂದು ಕೇಳಿದರೆ, ಬಂದ ಉತ್ತರ, “ಆರಾಮ ಅದೀನಂತ್ರಿ. ಜ್ವರಾ ಗಿರಾ ಏನಿಲ್ಲಂತ.” ನಮ್ಮ ಸೀಮೆಯಲ್ಲಿ ಮೈಯನ್ನು ವಿಚಾರಿಸುವುದೆಂದರೆ ಆರೋಗ್ಯವನ್ನು ವಿಚಾರಿಸುವುದು! ಮೈಗಳ್ಳತನ, ಮೈಮರೆವು, ಮೈಮುರಿದು ದುಡಿಯುವುದು, ಮೈನೆರೆಯುವುದು, ಎಷ್ಟೆಲ್ಲ ನುಡಿಗಟ್ಟುಗಳು ಈ ಒಂದಕ್ಷರವನ್ನು ಆಶ್ರಯಿಸಿವೆ! ಹೆಣ್ಣುಮಕ್ಕಳ ಮುಂದೆ ಮೈಯ ಬದಲಾವಣೆಯೆಂದು ಬರೆದರೆ ಕೊನೆಯ ಅರ್ಥವೇ ಮೊದಲು ಹೊಳೆಯುತ್ತದೆಂದು ಶಿಷ್ಯೆಯು ತಕ್ಷಣವೇ ಎಚ್ಚರಿಸಿದಳು. ‘ಸಮಾಧಾನ’ವೂ ಸರಿಹೋಗಲಿಲ್ಲ. ಮರಾಠಿಯಲ್ಲಿ ಅದು ತೃಪ್ತಿ. ಕನ್ನಡದಲ್ಲಿ ಅತ್ತವರನ್ನು ಸುಮ್ಮನಾಗಿಸುವುದೂ ಸಮಾಧಾನವೇ. ಒಂದೇ ತರಗತಿಯಲ್ಲಿ ಅಕ್ಕಪಕ್ಕ ಕುಳಿತ ಇಬ್ಬರು ಅದೇ ವಾಕ್ಯಕ್ಕೆ ಎರಡು ಬೇರೆ ಪ್ರಶ್ನೆಗಳಿಗೆ ಕೊಡುವ ಉತ್ತರವನ್ನು ಕೊಡುತ್ತಿದ್ದರು.

‘ರೂಪ’ವು ಇನ್ನೂ ಅಪಾಯಕಾರಿ. ಸಂಸ್ಕೃತದಲ್ಲಿ ಅದಕ್ಕೆ ಕಣ್ಣಿಗೆ ವಿಷಯವಾದುದೆಂಬ ಅರ್ಥವುಂಟು. ಕನ್ನಡಿಗರ ಬಾಯಲ್ಲಿ ‘ರೂಪವಂತೆ’ ಎಂದೊಡನೆ ಚೆಲುವೆಯೇ ಆಗುತ್ತಾಳೆ. ‘ಲಕ್ಷಣ’ದ ಗತಿಯೂ ಅದೇ, ಲಕ್ಷಣವಾಗಿದ್ದಾಳೆಂದರೆ ಮೆಚ್ಚುಗೆ, ಅವಲಕ್ಷಣವೆಂದರೆ ಮುಖಕ್ಕೂ ನಡತೆಗೂ ಕೂಡಿಯೇ ಬೈಗುಳ. ‘ನಿನ್ನ ರೂಪ ಹೇಗಿದೆ’ ಎಂದು ಕೇಳಿದಾಗಲೇ ತಕ್ಕಡಿಯ ಒಂದು ತಟ್ಟೆ ಕೆಳಗಿಳಿದಿರುತ್ತದೆ. ಬೀದರ ನಗರದ ಹುಡುಗನೊಬ್ಬನು ‘ಚಹರೆ’ಯೆಂದು ಸೂಚಿಸಿದನು. ಒಳ್ಳೆಯ ಶಬ್ದ, ಆದರೆ ಕುತ್ತಿಗೆಯಿಂದ ಕೆಳಕ್ಕೆ ಇಳಿಯದು, ಮೇಲಾಗಿ ಪೊಲೀಸು ಠಾಣೆಯ ವಾಸನೆ. ಕಡೆಗೆ ನಾಮಪದವನ್ನೇ ಕೈಬಿಟ್ಟು ‘ನಾನು ಕಾಣುವ ಬಗೆ’ ಎಂದು ಕ್ರಿಯೆಯ ಕಡೆಗೆ ತಿರುಗಿದೆವು. ಕನ್ನಡದ ಜಾಯಮಾನಕ್ಕೆ ಅದೇ ಒಗ್ಗಿತು.

ಶೀರ್ಷಿಕೆಗೆ ‘ಮೈಬಿಂಬ’ವೆಂದಿರಲೆಂದು ಶಿಷ್ಯೆಯ ಅಪೇಕ್ಷೆ. ಅದು ಅರಿಸಮಾಸವೆಂದು ನಾನು ತಡೆದೆ. ದೇಶ್ಯಕ್ಕೆ ಸಂಸ್ಕೃತವನ್ನು ಹೊಂದಿಸಿ ಸಮಾಸ ಮಾಡಬಾರದೆಂಬುದು ಹಳೆಯ ವೈಯಾಕರಣರ ಮತ. “ಹಂಗಾದ್ರ ಮೈಬಣ್ಣ ಹ್ಯಾಂಗ ನಡೀತದರಿ?” ಎಂದಳು. ಬಣ್ಣವು ವರ್ಣದ ತದ್ಭವವಾದ್ದರಿಂದ ನಡೆಯುತ್ತದೆಂದು ಸಮರ್ಥಿಸಿದೆನಾದರೂ, ನನ್ನ ವ್ಯಾಕರಣವು ಔರಾದದ ಮಗುವಿಗೆ ಏನು ಉಪಕಾರ ಮಾಡೀತೆಂಬ ಸಂಶಯ ಅಂದೇ ನನಗೂ ಹುಟ್ಟಿತು. ಬಣ್ಣದ ಮಾತು ಬಂದಿತಾದ್ದರಿಂದ ಇನ್ನೊಂದು: ನಾವು ಬೆಳ್ಳಗಿರುವವರನ್ನು ‘ಕೆಂಪಗಿದ್ದಾರೆ’ ಎನ್ನುತ್ತೇವಷ್ಟೆ. ಉದಾಹರಣೆಗಾಗಿ ಬರೆದ ಅಂಥ ಒಂದು ವಾಕ್ಯವು ಮರು ಅನುವಾದದಲ್ಲಿ ಅಕ್ಷರಶಃ ಕುಂಕುಮದ ಕೆಂಪಾಗಿ ಇಂಗ್ಲಿಷಿಗೆ ಮರಳಿ ಬಂದಿತ್ತು.

ಕಾವ್ಯಮೀಮಾಂಸೆಯನ್ನು ಓದಿದವರಿಗೆ ಅಭಿಧೆ, ಲಕ್ಷಣೆ, ವ್ಯಂಜನೆಗಳೆಂಬ ಮೂರು ಶಬ್ದವೃತ್ತಿಗಳ ಪರಿಚಯವಿರುತ್ತದೆ. ಕಾವ್ಯಕ್ಕೆ ವ್ಯಂಗ್ಯಾರ್ಥವೇ ಜೀವ. ಓದುಗನೊಬ್ಬೊಬ್ಬನಲ್ಲಿ ಒಂದೊಂದು ಬಗೆಯಾಗಿ ಮೊಳಗಿದಷ್ಟೂ ಕವಿಗೆ ಶ್ರೇಯಸ್ಸು. ಪ್ರಶ್ನಾವಳಿಯಲ್ಲಿ ಇದೇ ಗುಣವು ದೋಷವಾಗುತ್ತದೆ. ಎಲ್ಲರಿಗೂ ಒಂದೇ ಅರ್ಥ ಹೊಳೆಯದಿದ್ದರೆ ಅಂಕಗಳನ್ನು ಕೂಡಿಸುವುದು ಗಜದ ಅಳತೆಯನ್ನೂ ಸೇರಿನ ಅಳತೆಯನ್ನೂ ಕೂಡಿಸಿದಂತೆ. ಧ್ವನಿಯನ್ನು ಹುಡುಕುವುದನ್ನೇ ಕಲಿಸುತ್ತ ಬಂದ ನನಗೆ ಧ್ವನಿಯನ್ನು ಅಡಗಿಸುವ ಈ ವಿದ್ಯೆ ಕಷ್ಟವೆನಿಸಿತು.

ಎಂಟನೆಯದೋ ಒಂಬತ್ತನೆಯದೋ ವಾಕ್ಯದಲ್ಲಿ, ದೇಹವನ್ನು ಕುರಿತ ಒಳ್ಳೆಯ ಭಾವನೆಯು ನಡೆಯಲ್ಲಿ ಹೇಗೆ ತೋರುತ್ತದೆಂಬುದಕ್ಕೆ ತಲೆಯನ್ನು ಮೇಲೆತ್ತಿ ನಗುನಗುತ್ತಿರುವುದನ್ನು ಉದಾಹರಣೆಯಾಗಿ ಕೊಟ್ಟಿದೆ. ‘ತಲೆಯೆತ್ತಿ ನಡೆಯುತ್ತೇನೆ’ ಎಂದು ಬರೆದೆವು. ಮರು ಅನುವಾದದಲ್ಲಿ ಅದು ಮಾನವಾಗಿ ಬದುಕುತ್ತೇನೆಂದಾಗಿ ಬಂದಿತು. ಸಾಲಸೋಲವಿಲ್ಲದೆ, ಅಪವಾದವಿಲ್ಲದೆ ಇರುವುದು ನಮ್ಮಲ್ಲಿ ತಲೆಯೆತ್ತಿ ನಡೆಯುವುದು. ಹುಡುಗಿಯರನ್ನು ಕೇಳಿದರೆ ಬೇರೆಯೇ ತೊಡಕು. ತಲೆಯೆತ್ತಿ ನಗುನಗುತ್ತ ಓಣಿಯಲ್ಲಿ ಹೋದರೆ ಮನೆಯಲ್ಲಿ ಏನೆನ್ನುತ್ತಾರೆಂಬುದನ್ನು ಅವರು ನನಗೆ ವಿವರಿಸಬೇಕಾಗಿ ಬರಲಿಲ್ಲ. ತನ್ನ ಮೈಯ ಬಗ್ಗೆ ಯಾವ ಕೊರಗೂ ಇಲ್ಲದ ಮಗಳು ತಲೆತಗ್ಗಿಸಿ ನಡೆಯುವ ಊರಿನಲ್ಲಿ ಈ ಉದಾಹರಣೆಯು ದೇಹಬಿಂಬವನ್ನಲ್ಲ, ಊರನ್ನು ಅಳೆಯುತ್ತದೆ. ‘ಸಂಕೋಚವಿಲ್ಲದೆ ನಾಲ್ಕು ಜನರ ನಡುವೆ ನಿಲ್ಲುತ್ತೇನೆ’ ಎಂದು ಸದ್ಯಕ್ಕೆ ಮಾರ್ಪಡಿಸಿದ್ದೇವೆ. ಅದು ಮೂಲಕ್ಕೆ ಎಷ್ಟು ಸಮೀಪವೆಂಬುದನ್ನು ಬಲ್ಲವರು ನಿರ್ಣಯಿಸಬೇಕು.

ಇನ್ನು ನನ್ನ ತಪ್ಪೊಂದನ್ನು ಹೇಳಲೇಬೇಕು. ದೇಹದಲ್ಲಿ ಇತರರಂತಲ್ಲದ, ತನಗಷ್ಟೇ ಸೇರಿದ ಸಂಗತಿಗಳನ್ನೂ ಮೆಚ್ಚಿಕೊಳ್ಳುತ್ತೇನೆಂಬ ಅರ್ಥದ ವಾಕ್ಯವೊಂದಿದೆ. ಇದನ್ನು ಅನುವಾದಿಸುವಾಗ ನನಗೆ ಯಾವ ಅನುಮಾನವೂ ಬರಲಿಲ್ಲ. ‘ನನ್ನ ದೇಹದ ಭಿನ್ನವಾದ ಲಕ್ಷಣಗಳನ್ನು ಮೆಚ್ಚುತ್ತೇನೆ’ ಎಂದು ಒಂದೇ ಉಸಿರಿಗೆ ಬರೆದು, ಹತ್ತರಲ್ಲಿ ಇದೇ ಸೊಗಸಾಗಿ ಬಂದಿದೆಯೆಂದು ಹೆಮ್ಮೆಯನ್ನೂ ಪಟ್ಟಿದ್ದೆ. ಭಾಲ್ಕಿಯಲ್ಲಿ ಓದಿ ಕೇಳುತ್ತಿದ್ದಾಗ ಹುಟ್ಟಿನಿಂದ ಒಂದು ಕಾಲು ಗಿಡ್ಡವಿದ್ದ ಹುಡುಗನೊಬ್ಬನ ಸರದಿ ಬಂದಿತು. ಚುರುಕಾದವನು, ಹಿಂದಿನ ವಾಕ್ಯಗಳಿಗೆಲ್ಲ ನಗುತ್ತ ಉತ್ತರ ಕೊಟ್ಟಿದ್ದನು. ಇದಕ್ಕೆ ‘ಎಂದೂ ಇಲ್ಲ’ವೆಂಬಲ್ಲಿ ಗುರುತು ಹಾಕಿ ಪೆನ್ನನ್ನು ಕೆಳಗಿಟ್ಟನು. ಅರ್ಥವೇನಾಯಿತಪ್ಪಾ ಎಂದು ಕೇಳಿದೆ. ನನ್ನ ಮುಖವನ್ನು ನೋಡದೆ, “ಭಿನ್ನ ಆದ ಮೂರ್ತಿ ಗುಡಿಯಾಗ ಇಡಂಗಿಲ್ಲಲ್ಲರಿ ಗುರುಗಳೆ” ಎಂದನು.

ಭಿನ್ನವೆಂದರೆ ಬೇರೆಯೆಂಬ ಅರ್ಥವು ಪುಸ್ತಕದಲ್ಲಿ ಓದಿದ ನನ್ನದು. ಒಡೆದುದು, ಮುಕ್ಕಾದುದು, ಪೂಜೆಗೆ ಸಲ್ಲದುದೆಂಬ ಅರ್ಥವು ಆತನ ಊರಿನದು. ಎರಡೂ ನಿಘಂಟಿನಲ್ಲಿವೆ, ಧಾತುವಿನ ಮೂಲಾರ್ಥವಂತೂ ಆತನ ಕಡೆಗೇ ಇದೆ. ಹಾಳೆ ಹಾಗೆಯೇ ಮುದ್ರಣಕ್ಕೆ ಹೋಗಿದ್ದರೆ ಇಂಥ ಉತ್ತರಗಳ ಅಂಕವು ಕೆಳಗಿಳಿದು, ತನ್ನ ಮೈಯನ್ನು ತಾನೇ ಒಪ್ಪದವರ ಪಟ್ಟಿಯಲ್ಲಿ ಆ ಹುಡುಗನು ಸೇರುತ್ತಿದ್ದನು. ಅದಕ್ಕಿಂತ ಹೆಚ್ಚಾಗಿ, ಆ ವಾಕ್ಯವನ್ನು ಓದಿದ ಕ್ಷಣದಲ್ಲಿ ಆತನಿಗಾದುದು ಯಾವ ಪಟ್ಟಿಗೂ ಬರುತ್ತಿರಲಿಲ್ಲ. ನಾನು ಆತನಲ್ಲಿ ಕ್ಷಮೆ ಕೇಳಿದೆ. “ಹೋಗ್ಲಿ ಬಿಡ್ರಿ, ನೀವೇನು ಬೇಕಂತ ಬರದೀರೇನು” ಎಂದು ಆತನೇ ನನಗೆ ಸಮಾಧಾನ ಹೇಳಿದನು. ಈ ಶಬ್ದದ ಕನ್ನಡ ಅರ್ಥವು ಅಂದು ನನಗೆ ಚೆನ್ನಾಗಿ ಮನದಟ್ಟಾಯಿತು.

ಬದಲಿಗೆ ‘ವಿಶೇಷ’ವೆನ್ನೋಣವೆಂದರೆ ‘ವಿಶೇಷಚೇತನ’ರೆಂಬ ಶಬ್ದವು ಕಣ್ಣೆದುರು ಬರುತ್ತದೆ, ಹೊಸದಾಗಿ ಮದುವೆಯಾದವರ ವಿಷಯದಲ್ಲಿ ಏನಾದರೂ ವಿಶೇಷವುಂಟೋ ಎಂದು ಕೇಳುವ ವಾಡಿಕೆಯೂ ಇದೆ. ‘ಒಬ್ಬರಿದ್ದಂತೆ ಒಬ್ಬರಿರುವುದಿಲ್ಲ’ವೆಂದು ಮೊದಲು ಹೇಳಿ ಮುಂದುವರಿದರೆ ಹೇಗೆಂದೆ. ಹಾಗೆ ಬುದ್ಧಿ ಹೇಳಿ ಕೇಳಿದರೆ ಉತ್ತರವನ್ನು ನಾವೇ ಬಾಯಿಗಿಟ್ಟಂತಾಗುತ್ತದೆಂದು ಶಿಷ್ಯೆಯು ಒಪ್ಪಲಿಲ್ಲ; ಅವಳದೇ ಸರಿ. ‘ನನ್ನ ಮೈ ನನ್ನದೇ ರೀತಿಯಲ್ಲಿರುವುದು ನನಗೆ ಮೆಚ್ಚಿಗೆ’ ಎಂದು ನಿಂತಿತು. ಇಲ್ಲಿ ಮೈಯನ್ನು ಆರೋಗ್ಯವೆಂದು ಯಾರೂ ತಿಳಿಯಲಿಲ್ಲ. ಶಬ್ದಕ್ಕಿಂತ ವಾಕ್ಯ ದೊಡ್ಡದೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ. ಮುಂದಿನ ವಾರ ಅದೇ ಹುಡುಗನಿಗೆ ಓದಿ ತೋರಿಸಿದೆವು. ಸ್ವಲ್ಪ ಹೊತ್ತು ಯೋಚಿಸಿ ‘ಕೆಲವು ಸಲ’ವೆಂಬಲ್ಲಿ ಗುರುತು ಹಾಕಿದನು.

ಉತ್ತರದ ಮೆಟ್ಟಲುಗಳೂ ಸುಲಭವಾಗಿರಲಿಲ್ಲ. ಐದು ಚೀಟಿಗಳ ಮೇಲೆ ಬರೆದು ಕಡಿಮೆಯಿಂದ ಹೆಚ್ಚಿಗೆ ಜೋಡಿಸಲು ಹೇಳಿದರೆ, ‘ಆಗಾಗ’ವನ್ನು ಕೆಲವರು ‘ಕೆಲವೊಮ್ಮೆ’ಯ ಮೇಲೆ, ಕೆಲವರು ಕೆಳಗೆ ಇಟ್ಟರು. ‘ಅಪರೂಪ’ವೆಂಬ ಚೀಟಿಯನ್ನು ಕಂಡು ಹುಡುಗಿಯರು ನಕ್ಕರು, ರೂಪದ ಪ್ರಶ್ನೆಗೆ ಅಪರೂಪವೆಂದು ಗುರುತು ಹಾಕಿದರೆ ತಮ್ಮನ್ನು ತಾವೇ ಹೊಗಳಿಕೊಂಡಂತಾಗುವುದಿಲ್ಲವೆ? ‘ಎಂದೂ ಇಲ್ಲ, ಎಲ್ಲೋ ಒಂದು ಸಲ, ಕೆಲವು ಸಲ, ಬಹಳ ಸಲ, ಯಾವಾಗಲೂ’ ಎಂಬಲ್ಲಿಗೆ ಬಂದು ನಿಂತೆವು.

ಇನ್ನು ಆಡುಮಾತೋ ಗ್ರಾಂಥಿಕವೋ ಎಂಬ ಪ್ರಶ್ನೆ. ನಾನು ಗ್ರಾಂಥಿಕದ ಪಕ್ಷ, ಶಿಷ್ಯೆಯು ಬೀದರದ ಮಾತಿನ ಪಕ್ಷ. ಭಾಲ್ಕಿಯಲ್ಲಿ ಆಕೆಯೇ ಗೆದ್ದಳು. ‘ಹ್ಯಾಂಗ ಕಾಣ್ತೀನಿ’ ಎಂದಾಗ ಹೊಳೆದುದು ‘ಹೇಗೆ ಕಾಣುತ್ತೇನೆ’ ಎಂದಾಗ ಹೊಳೆಯಲಿಲ್ಲ. ಆದರೆ ಔರಾದದಲ್ಲಿ ಲೆಕ್ಕ ತಿರುಗಿತು. ಮನೆಯಲ್ಲಿ ಮರಾಠಿಯಾಡುವ ಮಗುವಿಗೆ ಕನ್ನಡವೆಂದರೆ ಪಠ್ಯಪುಸ್ತಕದ ಕನ್ನಡವೇ. ‘ಹ್ಯಾಂಗ’ವೆಂಬುದೇ ಅದಕ್ಕೆ ಅಪರಿಚಿತ. ಬಸ್ಸಿನಲ್ಲಿ ತಾಸೆರಡು ತಾಸಿನ ದಾರಿಯೊಳಗೆ ಒಂದೇ ವಾಕ್ಯವು ಸುಲಭವೂ ಕಠಿಣವೂ ಆಗುವುದನ್ನು ಕಂಡ ಮೇಲೆ ನಮ್ಮಿಬ್ಬರ ವಾದವೂ ತಣ್ಣಗಾಯಿತು. ಇಬ್ಬರಿಗೂ ತಿಳಿಯುವ ಸರಳ ಪಠ್ಯಕನ್ನಡವನ್ನು ಉಳಿಸಿಕೊಂಡೆವು.

ಅನುವಾದದಿಂದ ಪರಿಹಾರವಾಗದ ಸಂಶಯವೂ ಒಂದಿದೆ. ಹತ್ತು ವಾಕ್ಯಗಳೂ ಉತ್ತಮಪುರುಷದಲ್ಲಿ ತನ್ನನ್ನು ತಾನೇ ಒಪ್ಪಿಕೊಳ್ಳುವ ವಾಕ್ಯಗಳು. ಆತ್ಮಸ್ತುತಿಯು ದೋಷವೆಂದು ಕಲಿತು ಬೆಳೆದ ಮಕ್ಕಳು ವಿನಯದಿಂದ ಒಂದು ಮೆಟ್ಟಲು ಕೆಳಗೇ ಗುರುತು ಹಾಕಬಹುದು. ಆಗ ಕಡಿಮೆ ಅಂಕವು ಕೊರಗನ್ನು ತೋರಿಸುತ್ತದೆಯೋ ಸೌಜನ್ಯವನ್ನು ತೋರಿಸುತ್ತದೆಯೋ? ಇದನ್ನು ಬೇರೆ ಪ್ರಶ್ನಾವಳಿಗಳೊಡನೆ ಹೋಲಿಸಿ ಸಂಖ್ಯಾಶಾಸ್ತ್ರದಿಂದ ಪರಿಶೀಲಿಸಬೇಕೆಂದು ಶಿಷ್ಯೆಯು ಹೇಳುತ್ತಾಳೆ. ಅದು ನನ್ನ ಅಧಿಕಾರಕ್ಷೇತ್ರವಲ್ಲ. ಇಂಗ್ಲೆಂಡಿನ 34 ಪ್ರಶ್ನೆಗಳನ್ನು ನಾವು ಮುಟ್ಟದೆ ಬಿಟ್ಟುದಕ್ಕೂ ಕಾರಣವುಂಟು. ‘ಸೊರಗಿದೆಯಲ್ಲೋ’ ಎಂದು ಮರುಗುವ ಅಜ್ಜಿಯರು ಮನೆಮನೆಗೂ ಇರುವ ಕಡೆ, ದಪ್ಪಗಾಗುವುದೊಂದೇ ಭಯವೆಂದು ಮೊದಲೇ ನಿರ್ಣಯಿಸಿಕೊಂಡ ಪ್ರಶ್ನೆಗಳು ಅರ್ಧ ಸಂಗತಿಯನ್ನು ಮಾತ್ರ ಕೇಳುತ್ತವೆ. ಶ್ರಾವಣ ಸೋಮವಾರದ ಉಪವಾಸವನ್ನು ಮೈಯಿಳಿಸುವ ಉಪಾಯವೆಂದು ಎಣಿಸುವ ಸಂಭವವೂ ಇದೆ.

ಒಂಬತ್ತು ವಾಕ್ಯಗಳು ಈಗ ಒಂದು ಹದಕ್ಕೆ ಬಂದು ಎರಡನೆಯ ಮರು ಅನುವಾದಕ್ಕೆ ಹೋಗಿವೆ. ಉಳಿದುದು ಹತ್ತನೆಯದು: ಪತ್ರಿಕೆ, ಪರದೆಗಳಲ್ಲಿ ಕಾಣುವ ನಟನಟಿಯರಂತೆ ತಾನಿಲ್ಲದಿದ್ದರೂ ತಾನು ಚೆಂದವಿರುವೆನೆಂದು ಅನಿಸುತ್ತದೆಂಬುದು ಅದರ ಅಭಿಪ್ರಾಯ. ‘ಸುಂದರ’ವೆಂದರೆ ಹುಡುಗರು ಹಾಳೆಯನ್ನೇ ಮಗುಚಿಡುತ್ತಾರೆ. ‘ಚೆಂದ’ವೆಂದರೆ ಗಂಡಿಗೂ ಹೆಣ್ಣಿಗೂ ಸಲ್ಲುತ್ತದೆ, ಆದರೆ ಬಟ್ಟೆ, ಮನೆ, ಹಾಡುಗಳಿಗೂ ಸಲ್ಲುತ್ತದೆ. ಮರಾಠಿಯ ‘ದೇಖಣಾ’ ಎಂಬಂತೆ ನೋಟಕ್ಕೆ ಮಾತ್ರ ಸಂಬಂಧಿಸಿದ, ಸ್ತ್ರೀಪುರುಷರಿಬ್ಬರಿಗೂ ಒಪ್ಪುವ ಒಂದು ಕನ್ನಡ ಶಬ್ದವು ಬೇಕಾಗಿದೆ. ಇದನ್ನು ಓದುವ ಉಪಾಧ್ಯಾಯ ಬಂಧುಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ಯಾರಿಗಾದರೂ ತಮ್ಮ ಊರಿನ ಅಂಥದೊಂದು ಮಾತು ನೆನಪಾದರೆ, ದಯಮಾಡಿ ಶಾಲೆಯ ವಿಳಾಸಕ್ಕೆ ಬರೆದು ತಿಳಿಸಬೇಕೆಂದು ಪ್ರಾರ್ಥನೆ. ಯಾವ ತಾಲೂಕಿನ ಮಾತೆಂಬುದನ್ನು ಜೊತೆಗೆ ಬರೆದರೆ ಇನ್ನೂ ಉಪಕಾರವಾಗುತ್ತದೆ.